ರಾಝಿ ರಕ್ತ ತೆಗೆಯದೆ ಬಿಟ್ಟ ರೋಗಿಗಳು

ನಮ್ಮ ಭಾಷಣ ಸ್ಪರ್ಧೆಗಳಲ್ಲಿ ಅಬೂಬಕರ್ ರಾಝಿಯವರ ಹೆಸರು ತಪ್ಪದೆ ಬರುತ್ತದೆ. ಸಿಡುಬಿಗೂ ದಡಾರಕ್ಕೂ ಇರುವ ವ್ಯತ್ಯಾಸ ವಿವರಿಸಿದವರು ಎಂದು ಹೇಳಿ, ಚಪ್ಪಾಳೆ ಪಡೆದು ಕೆಳಗಿಳಿಯುತ್ತೇವೆ. ಅವರ ರೋಗಿಗಳ ವಿಷಯ ಯಾರೂ ಎತ್ತುವುದಿಲ್ಲ.

ಇರಾನಿನ ರಯ್ ನಗರದವರಾದ ರಾಝಿ ಅಲ್ಲಿಯೂ ಬಗ್ದಾದಿನಲ್ಲಿಯೂ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ತಲೆ ಮತ್ತು ಕತ್ತಿನ ನೋವು ನಾಲ್ಕೈದು ದಿನ ಬಿಡದಿದ್ದರೆ, ಕಣ್ಣು ಬೆಳಕನ್ನು ಸಹಿಸದಿದ್ದರೆ, ನಿದ್ದೆ ಬಾರದಿದ್ದರೆ 'ಸರ್ಸಾಮ್' ಎಂಬ ಮಿದುಳಿನ ಬೇನೆ ಬರಲಿದೆ ಎಂದು ಅವರು ಗುರುತಿಸಿದ್ದರು. ರಕ್ತ ತೆಗೆಯುವುದೇ ಅಂದಿನ ಚಿಕಿತ್ಸೆ. ಅದರಿಂದ ನಿಜಕ್ಕೂ ಗುಣವಾಗುತ್ತದೆಯೇ? ತಿಳಿಯಲೆಂದು ರಾಝಿ ಒಂದು ಗುಂಪಿಗೆ ರಕ್ತ ತೆಗೆದರು, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟರು. ಬಿಟ್ಟವರೆಲ್ಲರಿಗೂ ಸರ್ಸಾಮ್ ಬಂತು ಎಂದು ಬರೆದಿಟ್ಟಿದ್ದಾರೆ.

ಗಮನಿಸಿ, ಅವರ ತೀರ್ಮಾನ ಇಂದು ನಿಲ್ಲುವುದಿಲ್ಲ. ಮಿದುಳು ಪೊರೆಯ ಉರಿಯೂತಕ್ಕೆ ಯಾವ ವೈದ್ಯರೂ ಈಗ ರಕ್ತ ತೆಗೆಯುವುದಿಲ್ಲ. ಹೋಲಿಸಿ ನೋಡುವ ಆ ಕ್ರಮ ಮಾತ್ರ ಉಳಿದಿದೆ; ಶಸ್ತ್ರಚಿಕಿತ್ಸೆ, ಮನೋರೋಗ, ಸಕ್ಕರೆ ಕಾಯಿಲೆ ಯಾವುದೇ ಇರಲಿ, ಇಂದಿನ ಸಂಶೋಧಕರೂ ಎರಡು ಗುಂಪು ಮಾಡುತ್ತಾರೆ. ಆದರೆ ಈಗ ರೋಗಿಯ ಒಪ್ಪಿಗೆ ಪಡೆಯಲೇಬೇಕು. ಬಿಟ್ಟ ಗುಂಪಿನವರು ಎಷ್ಟು ಮಂದಿ, ಅವರನ್ನು ಕೇಳಿದ್ದರೇ ಎಂಬುದು ರಾಝಿಯವರ ಆ ಸಾಲುಗಳಲ್ಲಿ ಇಲ್ಲ.

ಅವರ ಮರಣಾನಂತರ ಶಿಷ್ಯರು ಈ ಟಿಪ್ಪಣಿಗಳನ್ನು 'ಅಲ್-ಹಾವಿ' ಗ್ರಂಥವಾಗಿ ಕೂಡಿಸಿದರು. 1279ರಲ್ಲಿ ಅದು ಲ್ಯಾಟಿನ್ ಭಾಷೆಗೆ ಹೋಯಿತು.