ತೀವ್ರ ನಿಗಾ ಘಟಕ ಮತ್ತು ಹಂಚಿಹೋದ ಕುಟುಂಬ: ಮಾರತ್ತಹಳ್ಳಿ ಪರಿಸರದ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

ಬೆಂಗಳೂರಿನ ಮಾರತ್ತಹಳ್ಳಿ ಸೇತುವೆಯಿಂದ ಪಶ್ಚಿಮಕ್ಕೆ ಹಳೆ ವಿಮಾನ ನಿಲ್ದಾಣ ರಸ್ತೆ, ದಕ್ಷಿಣಕ್ಕೆ ದೇವರಬೀಸನಹಳ್ಳಿ, ಪೂರ್ವಕ್ಕೆ ವೈಟ್‌ಫೀಲ್ಡ್. ಎತ್ತ ಹೊರಟರೂ ತೀವ್ರ ನಿಗಾ ಘಟಕ (ಐಸಿಯು) ಇರುವ ದೊಡ್ಡ ಆಸ್ಪತ್ರೆ ಬಹುದೂರವಿಲ್ಲ. 2001ರಿಂದ ಉಚಿತ ಚಿಕಿತ್ಸೆ ನೀಡುತ್ತಿರುವ ಸತ್ಯಸಾಯಿ ಆಸ್ಪತ್ರೆಯೂ ವೈಟ್‌ಫೀಲ್ಡಿನಲ್ಲೇ ಇದೆ. ಹಾಗಾಗಿ ಈ ಭಾಗದ ಕೊರತೆಯನ್ನು ಹಾಸಿಗೆ, ವೆಂಟಿಲೇಟರುಗಳ ಲೆಕ್ಕದಲ್ಲಿ ಮಾತ್ರ ನೋಡಿದರೆ ಸಾಲದು. ಬಾಗಿಲಾಚೆ ಕಾದು ಕುಳಿತ ಮನೆಯವರೊಡನೆ ನಡೆಯುವ ಮಾತುಕತೆ ಚಿಕಿತ್ಸೆಯದೇ ಅಂಗ, ಅದಕ್ಕೂ ಔಷಧದಷ್ಟೇ ಕಟ್ಟುನಿಟ್ಟಿನ ವೇಳೆ ಇರಬೇಕು ಎಂಬುದು ಈ ಲೇಖನದ ವಾದ.

ಇಲ್ಲಿನ ಕುಟುಂಬಗಳು ಒಂದೆಡೆ ಇಲ್ಲ. ಪಿ.ಜಿ.ಯಲ್ಲಿರುವ ಹುಡುಗನಿಗೆ ಅಪಘಾತವಾದರೆ ಮೊದಲು ಓಡಿಬರುವವನು ರೂಮ್‌ಮೇಟ್. ತಂದೆತಾಯಿ ಬಂದಿಳಿಯುವುದು ಮರುದಿನ. ಅಪಾರ್ಟ್‌ಮೆಂಟಿನ ವೃದ್ಧ ದಂಪತಿಯ ಮಕ್ಕಳು ವಿದೇಶದಲ್ಲಿ, ಅವರ ಹಗಲು ನಮ್ಮ ರಾತ್ರಿ. ಪಕ್ಕದ ಮುನ್ನೇಕೊಳಾಲದ ಶೆಡ್ಡುಗಳಲ್ಲಿರುವ ಉತ್ತರ ಕರ್ನಾಟಕದ ಕಟ್ಟಡ ಕಾರ್ಮಿಕರಲ್ಲಿ ಒಬ್ಬರು ಆಸ್ಪತ್ರೆಯಲ್ಲಿ ಕುಳಿತರೆ ಆ ದಿನದ ಕೂಲಿ ಹೋದಂತೆ. ಇತ್ತ ಪಾಳಿಯೊಂದಿಗೆ ವೈದ್ಯರೂ ಬದಲಾಗುತ್ತಾರೆ. ಬೆಳಿಗ್ಗೆ ‘ಸುಧಾರಿಸ್ತಿದ್ದಾರೆ’ ಎಂದು ಕೇಳಿಸಿಕೊಂಡ ತಮ್ಮ, ಸಂಜೆ ‘ಈಗಲೇ ಏನೂ ಹೇಳೋಕಾಗಲ್ಲ’ ಎಂದು ಕೇಳಿಸಿಕೊಂಡ ಅಳಿಯ, ಇಬ್ಬರೂ ಊರಿಗೆ ಬೇರೆಬೇರೆ ಸುದ್ದಿ ಮುಟ್ಟಿಸುತ್ತಾರೆ. ಅನುಮಾನ ಮೊಳೆಯುವುದು ಇಲ್ಲಿಂದಲೇ.

ಫ್ರಾನ್ಸಿನ 22 ಐಸಿಯುಗಳಲ್ಲಿ ಸಾವಿನಂಚಿನಲ್ಲಿದ್ದ 126 ರೋಗಿಗಳ ಕುಟುಂಬಗಳ ಮೇಲೆ ನಡೆದ, 2007ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹು ಮುಖ್ಯ. ಕ್ರಮಬದ್ಧವಾಗಿ ಕೂತು ಮಾತಾಡಿದ ಗುಂಪಿನಲ್ಲಿ ಭೇಟಿ ಸುಮಾರು 30 ನಿಮಿಷ, ಉಳಿದ ಗುಂಪಿನಲ್ಲಿ 20. ಅದರಲ್ಲಿ ಮನೆಯವರು ಮಾತಾಡಿದ್ದು ಕ್ರಮವಾಗಿ 14 ಮತ್ತು 5 ನಿಮಿಷ. ಅಂದರೆ ಹೆಚ್ಚಿದ ಹತ್ತು ನಿಮಿಷದ ಬಹುಪಾಲು ಮನೆಯವರದೇ. ವೈದ್ಯರು ಹೆಚ್ಚು ವಿವರಿಸಲಿಲ್ಲ, ಹೆಚ್ಚು ಕೇಳಿಸಿಕೊಂಡರು. ಮೂರು ತಿಂಗಳ ಬಳಿಕ ಆಘಾತೋತ್ತರ ಒತ್ತಡದ ಲಕ್ಷಣಗಳು ಮೊದಲ ಗುಂಪಿನ ಶೇ. 45 ಮಂದಿಯಲ್ಲಿ, ಎರಡನೆಯದರ ಶೇ. 69 ಮಂದಿಯಲ್ಲಿ ಕಂಡುಬಂದವು. ಬ್ರೆಜಿಲಿನ 36 ಐಸಿಯುಗಳ 2019ರ ಅಧ್ಯಯನದಲ್ಲಿ ಭೇಟಿಯ ಅವಧಿಯನ್ನು ದಿನಕ್ಕೆ 12 ಗಂಟೆಯವರೆಗೆ ಸಡಿಲಿಸಿದರೂ ರೋಗಿಗಳ ಸನ್ನಿ ಗಣನೀಯವಾಗಿ ತಗ್ಗಲಿಲ್ಲ. ಮನೆಯವರ ಆತಂಕ, ಖಿನ್ನತೆ ಮಾತ್ರ ತಗ್ಗಿದವು. ಇದನ್ನು ಸಣ್ಣ ಫಲವೆಂದು ತಳ್ಳಿಹಾಕುವಂತಿಲ್ಲ. ಡಿಸ್ಚಾರ್ಜ್ ಆದ ಮೇಲೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವವರು, ಟ್ಯೂಬಿನಲ್ಲಿ ಗಂಜಿ ಹಾಕುವವರು ಅವರೇ ತಾನೆ?

ಆ ಆರೈಕೆಯನ್ನು ಕಲಿಸಬಹುದೆಂಬುದಕ್ಕೆ ಬೆಂಗಳೂರಿನಲ್ಲೇ ನಿದರ್ಶನವಿದೆ. ನೂರಾ ಹೆಲ್ತ್ ಸಂಸ್ಥೆ ನಾರಾಯಣ ಹೃದಯಾಲಯ ಸಮೂಹದ ಜೊತೆಗೂಡಿ ಹೃದಯ ಶಸ್ತ್ರಚಿಕಿತ್ಸೆಯಾದವರ ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ ಕೊಡಲು ಆರಂಭಿಸಿತು. ವಾರ್ಡಿನಲ್ಲಿ ಬೇರೂರಿದ ಈ ಕ್ರಮವನ್ನು ಐಸಿಯುವಿನ ಬಾಗಿಲವರೆಗೆ ತರಬೇಕಾಗಿದೆ.

ಕಾನೂನು ಕೂಡ ಈಗ ಈ ಮಾತುಕತೆಯನ್ನು ಬೇಡುತ್ತಿದೆ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಕಾಮನ್ ಕಾಸ್ ತೀರ್ಪಿನಲ್ಲಿ ಮನ್ನಿಸಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಚೇತರಿಕೆಯ ಆಸೆಯಿಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆ ಮುಂದುವರಿಸಬೇಕೇ ಎಂಬುದನ್ನು ಮೊದಲು ಪ್ರಾಥಮಿಕ, ನಂತರ ದ್ವಿತೀಯ ವೈದ್ಯಕೀಯ ಮಂಡಳಿ ಪರಿಶೀಲಿಸಬೇಕು, ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆದರೆ ರೋಗಿ ಏನು ಬಯಸುತ್ತಿದ್ದರು ಎಂದು ಮೊದಲ ವಾರದಲ್ಲಿ ಯಾರೂ ಕೇಳದಿದ್ದರೆ ಮಂಡಳಿಯ ಮುಂದೆ ಬರುವುದು ಸಹಿಗಳಷ್ಟೇ. ಕೊನೆಗೆ ಹಣ ಮುಗಿದು, ವೈದ್ಯರ ಸಲಹೆ ಮೀರಿ ಡಿಸ್ಚಾರ್ಜ್ ಮಾಡಿಸಿಕೊಂಡು, ನೋವು ಶಮನದ ಔಷಧವೂ ಇಲ್ಲದೆ ಊರಿನ ದಾರಿ ಹಿಡಿಯುವುದು ಎಲ್ಲಕ್ಕಿಂತ ಕ್ರೂರ.

ಇದಕ್ಕೆ ಭಾರೀ ಖರ್ಚೇನೂ ಬೇಕಿಲ್ಲ. ದಾಖಲಾದ ಮೂರು ದಿನದೊಳಗೆ ಮೊದಲ ಸಭೆ; ಪ್ರತಿ ಕುಟುಂಬಕ್ಕೂ ಹೊಣೆಹೊತ್ತ ಒಬ್ಬ ವೈದ್ಯ; ವಿದೇಶದಲ್ಲಿರುವವರು ಅದೇ ಹೊತ್ತಿಗೆ ವಿಡಿಯೊ ಕರೆಯಲ್ಲಿ; ಬಿಲ್ಲಿನ ಮಾತು ಬೇರೆಯವರಿಂದ, ಬೇರೆ ವೇಳೆಯಲ್ಲಿ. ಕನ್ನಡ, ತೆಲುಗು, ತಮಿಳು, ಹಿಂದಿ, ಬಂಗಾಳಿ ಬಲ್ಲವರನ್ನು ಪ್ರತಿ ಪಾಳಿಗೂ ಗೊತ್ತುಮಾಡಬೇಕು. ಇಂಗ್ಲಿಷ್ ಬಲ್ಲ ಮಗಳ ಬಾಯಿಂದಲೇ ತಾಯಿಗೆ ‘ಅಪ್ಪ ಉಳಿಯಲ್ಲ’ ಎಂದು ಹೇಳಿಸುವುದು ಸಲ್ಲದು. ರಕ್ತದೊತ್ತಡ, ನಾಡಿ ಬರೆಯುವ ಚಾರ್ಟಿನಲ್ಲೇ ಮನೆಯವರು ಕೇಳಿದ ಪ್ರಶ್ನೆ, ಅವರಿಗೆ ಸಿಕ್ಕ ಉತ್ತರ, ಹೇಳಿದವರ ಹೆಸರು ದಾಖಲಾಗಬೇಕು. ರಾತ್ರಿ ಪಾಳಿಯ ವೈದ್ಯರು ಅದನ್ನು ಓದಿಯೇ ಬಾಗಿಲಾಚೆ ಬಂದು ಮಾತಾಡಬೇಕು.