ಒಂದು ಗಂಟೆ ಅಂದ್ರೆ ಹದಿನೈದು ದಿನ

ಪಶ್ಚಿಮ ಏಷ್ಯಾದಲ್ಲಿ ಎಲ್ಲೇ ಬಾಂಬ್ ಬೀಳಲಿ, 'ಇದು ಬೈಬಲ್‌ನಲ್ಲಿ ಮೊದಲೇ ಬರೆದಿತ್ತು' ಅನ್ನೋ ವಿಡಿಯೊ ಯೂಟ್ಯೂಬಿಗೆ ಬಂದೇ ಬರುತ್ತೆ. ಈ ಚಟ ಹೊಸದಲ್ಲ. ಜೋಸಾಯಾ ಲಿಚ್ ಎಂಬ ಅಮೆರಿಕದ ಮೆಥಡಿಸ್ಟ್ ಪಾದ್ರಿ 1838ರಲ್ಲೇ, ಇನ್ನೆರಡು ವರ್ಷಕ್ಕೆ ಆಟೊಮನ್ ತುರ್ಕರ ಕಥೆ ಮುಗಿಯುತ್ತೆ ಅಂದಿದ್ದ. ಆಮೇಲೆ ತಾರೀಕನ್ನೂ ಕೊಟ್ಟ: 1840ರ ಆಗಸ್ಟ್ 11.

ಲೆಕ್ಕ ಮಜವಾಗಿದೆ, ನೋಡಿ. ಬೈಬಲ್‌ನ ಪ್ರಕಟನೆ ಗ್ರಂಥದ ಒಂಬತ್ತನೇ ಅಧ್ಯಾಯದಲ್ಲಿ ಮೊದಲು ಐದು ತಿಂಗಳು, ನಂತರ ಒಂದು ಗಂಟೆ, ದಿನ, ತಿಂಗಳು, ವರ್ಷ ಅಂತ ಬರುತ್ತೆ. ಒಂದು ದಿನ ಅಂದ್ರೆ ಒಂದು ವರ್ಷ ಅಂತ ಹಿಡಿದರೆ ಮೊದಲನೆಯದು 150 ವರ್ಷ, ಎರಡನೆಯದು 391 ವರ್ಷ 15 ದಿನ. (ಆ 15 ದಿನ ಒಂದು ಗಂಟೆಯ ಪಾಲು!) ಉಸ್ಮಾನ್ ದಂಡೆತ್ತಿ ಬಂದನೆಂದು ಗಿಬ್ಬನ್ ಬರೆದ 1299ರ ಜುಲೈ 27ರಿಂದ ಎಣಿಸಿದರೆ ಸರಿಯಾಗಿ ಆಗಸ್ಟ್ 11. ನಡುವೆ 1582ರಲ್ಲಿ ಕ್ಯಾಲೆಂಡರೇ 10 ದಿನ ಜಿಗಿದದ್ದು ಲೆಕ್ಕದಲ್ಲಿಲ್ಲ. ನಮ್ಮಲ್ಲಾದರೆ ಟೆಸ್ಟಿಂಗ್‌ನಲ್ಲೇ ಸಿಕ್ಕಿಬೀಳ್ತಿತ್ತು.

ಆದರೆ ಅದೇ ದಿನ ಸುಲ್ತಾನನ ದೂತ ಅಲೆಕ್ಸಾಂಡ್ರಿಯಾಕ್ಕೆ ಬಂದಿಳಿದ! ಈಜಿಪ್ಟಿನ ಮುಹಮ್ಮದ್ ಅಲಿ ಹಿಂದಿನ ವರ್ಷ ನಿಜಿಪ್‌ನಲ್ಲಿ ಸುಲ್ತಾನನ ಸೈನ್ಯವನ್ನು ಸೋಲಿಸಿದ್ದ. ಬ್ರಿಟನ್, ರಷ್ಯಾ, ಆಸ್ಟ್ರಿಯಾ, ಪ್ರಷ್ಯಾ ಲಂಡನ್ನಿನಲ್ಲಿ ಸೇರಿ ಒಪ್ಪಂದ ಮಾಡಿಕೊಂಡಿದ್ದವು. ದೂತ ತಂದದ್ದು ಅದರ ಎಚ್ಚರಿಕೆ ಪತ್ರ. ಸುಲ್ತಾನ ಪರರ ಆಸರೆಗೆ ಬಿದ್ದ, ಅಲ್ಲಿಗೆ ಅವನ ಆಳ್ವಿಕೆ ಮುಗೀತು ಎಂದರು ಭವಿಷ್ಯ ನಂಬಿದವರು. ವಾಸ್ತವದಲ್ಲಿ ಸಾಮ್ರಾಜ್ಯ ಉಳಿದದ್ದೇ ಆ ಒಪ್ಪಂದದಿಂದ. ಸಿರಿಯಾ ಕಳೆದುಕೊಂಡವನು ಮುಹಮ್ಮದ್ ಅಲಿ. ಸುಲ್ತಾನಗಿರಿ 1922ರವರೆಗೂ ನಡೆಯಿತು.

ಆದರೂ ಇದು ಸಾಕ್ಷಿಯಾಯಿತು. ಲಿಚ್ ಸೇರಿದ್ದು ವಿಲಿಯಂ ಮಿಲ್ಲರ್ ಎಂಬ ನ್ಯೂಯಾರ್ಕ್ ಪ್ರಾಂತ್ಯದ ರೈತನ ಬಳಗಕ್ಕೆ. ಮಿಲ್ಲರ್ ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷ ಮಾಡಿ, ಕ್ರಿ.ಪೂ. 457ಕ್ಕೆ ಕೂಡಿಸಿ, 1843ರ ಸುಮಾರಿಗೆ ಕ್ರಿಸ್ತ ಬರುತ್ತಾನೆ ಅಂದಿದ್ದ. ಕ್ರಿ.ಪೂ. 1ಕ್ಕೂ ಕ್ರಿ.ಶ. 1ಕ್ಕೂ ನಡುವೆ ಸೊನ್ನೆ ವರ್ಷ ಇಲ್ಲವಲ್ಲ, ಒಂದು ವರ್ಷ ಮುಂದೆ ಹೋಯ್ತು. ಕೊನೆಗೆ ಗೊತ್ತಾದ ದಿನ 1844ರ ಅಕ್ಟೋಬರ್ 22.

ರೈತರ ಮನೆಯಿಂದ ಬಂದ ನನಗೆ ಸಂಕಟವಾಗೋದು ಇಲ್ಲೇ. ಆ ಶರತ್ಕಾಲ ಕೆಲವರು ಬೆಳೆ ಕೊಯ್ಯಲಿಲ್ಲ, ಆಲೂಗಡ್ಡೆ ಅಗೆಯಲೇ ಇಲ್ಲ. ಲೋಕವೇ ಇರಲ್ಲ ಅಂದ್ಮೇಲೆ ಯಾಕೆ ಅಗೀಬೇಕು? 23ರ ಬೆಳಗ್ಗೆ ಎಂದಿನಂತೆ ಸೂರ್ಯ ಹುಟ್ಟಿದ. ಮುಂದೆ ಇದ್ದದ್ದು ಅಮೆರಿಕದ ಉತ್ತರದ ಚಳಿಗಾಲ. ಮಿಲ್ಲರ್ 1849ರಲ್ಲಿ ತೀರಿಕೊಂಡ. ಅಲ್ಲಿಯವರೆಗೂ ಕಾಯುತ್ತಲೇ ಇದ್ದ.