ಮಂಕಾದ ದೀಪ

ಆಂಗ್ಲ ನಾಟಕಕಾರ ಪ್ಯಾಟ್ರಿಕ್ ಹ್ಯಾಮಿಲ್ಟನ್ನನ ‘ಗ್ಯಾಸ್ ಲೈಟ್’ ರಂಗವೇರಿದ್ದು 1938ರಲ್ಲಿ. ಮರುವರ್ಷವೇ ಬಿ.ಬಿ.ಸಿ.ಯವರು ಅದನ್ನು ಟೆಲಿವಿಷನ್ನಿಗೆ ತಂದರು. ಆಗ ಟೆಲಿವಿಷನ್ ಪೆಟ್ಟಿಗೆಗಳಿದ್ದುದು ಲಂಡನ್ನಿನ ಸುತ್ತಮುತ್ತ, ಬಹುಮಟ್ಟಿಗೆ ಉಳ್ಳವರ ಮನೆಗಳಲ್ಲಿ. ನಾಟಕ ನಡೆಯುವುದೂ ಅಂಥದೇ ದಿವಾನಖಾನೆಯಲ್ಲಿ. ಕಾಲ ಮಾತ್ರ 1880.

ಮನೆಯೊಡೆಯ ಮ್ಯಾನಿಂಗ್‌ಹ್ಯಾಮ್ ಮಾತಿನಲ್ಲಿ ಬಲು ನಯ. ಗೋಡೆಯ ಪಟ ಕಾಣೆಯಾದರೆ ಹೆಂಡತಿ ಬೆಲ್ಲಾಳೇ ತೆಗೆದಳೆನ್ನುತ್ತಾನೆ. ಅಂಗಡಿಯ ಬಿಲ್ಲು ಕಾಣದಿದ್ದರೆ ಅವಳಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲವೆನ್ನುತ್ತಾನೆ. ಅದೂ ಆಳುಗಳ ಎದುರಿಗೆ! ಅಡಗಿಸುವವನು ಅವನೇ. ಇನ್ನು, ಅವನು ಹೊರಗೆ ಹೋದೊಡನೆ ಗ್ಯಾಸ್ ದೀಪ ತಾನಾಗಿ ಮಂಕಾಗುತ್ತದೆ. ಹೇಳಿದರೆ ಹುಚ್ಚಿಯೆಂದಾರೆಂದು ಬೆಲ್ಲಾ ಬಾಯಿ ಬಿಡಳು.

ಗುಟ್ಟೇನೋ ಸರಳ. ಮನೆಗೆಲ್ಲ ಒಂದೇ ಕೊಳವೆಯ ಅನಿಲ; ಮೇಲಂತಸ್ತಿನಲ್ಲಿ ಇನ್ನೊಂದು ದೀಪ ಹೊತ್ತಿದರೆ ಕೆಳಗಿನದಕ್ಕೆ ಒತ್ತಡ ಕಡಿಮೆ. ಹಿಂದೆ ಅದೇ ಮನೆಯ ಮುದುಕಿಯನ್ನು ಕೊಂದಿದ್ದ ಗಂಡ, ಅಂದು ಸಿಗದ ಮಾಣಿಕ್ಯಗಳಿಗಾಗಿ ಹಿತ್ತಲಿಂದ ಬಂದು ಮೇಲೆ ತಡಕಾಡುತ್ತಿರುತ್ತಾನೆ. ಬೆಲ್ಲಾಳ ಕಣ್ಣು ಸುಳ್ಳಾಡಿರಲಿಲ್ಲ.

ಮುಂದೆ ಈ ಬಗೆಯ ಪೀಡನೆಗೆ ಇಂಗ್ಲಿಷಿನಲ್ಲಿ ನಾಟಕದ ಹೆಸರೇ ನಿಂತಿತು. ಆದರೆ ಗಮನಿಸಬೇಕು: ಪತ್ತೇದಾರ ರಫ್ ಆ ಗಂಡನನ್ನು ಹಿಡಿಯುವುದು ಹಳೆಯ ಕೊಲೆಗಾಗಿ, ಹೆಂಡತಿಯನ್ನು ನವೆಸಿದ್ದಕ್ಕಲ್ಲ. ಅದನ್ನು ಹಿಡಿಯುವ ಕಾನೂನು ಆಗ ಎಲ್ಲಿತ್ತು? ಭಾರತದ 2005ರ ಕೌಟುಂಬಿಕ ಹಿಂಸಾಚಾರ ಕಾಯಿದೆ ಮಾತಿನ, ಮನಸ್ಸಿನ ಪೀಡನೆಯನ್ನೂ ಹಿಂಸೆಯೆಂದೇ ಎಣಿಸಿತು. ಹ್ಯಾಮಿಲ್ಟನ್ನನ ಇಂಗ್ಲೆಂಡಿನಲ್ಲಿ ಸಂಗಾತಿಯನ್ನು ಹೀಗೆ ಹಿಡಿತದಲ್ಲಿಟ್ಟು ಕಾಡುವುದು ಪ್ರತ್ಯೇಕ ಅಪರಾಧವೆನಿಸಿದ್ದು 2015ರಲ್ಲಿ. ನಾಟಕ ಬಂದು 77 ವರ್ಷಗಳಾದ ಮೇಲೆ.